ಮಿದುಳಿನ ಅಂಟು ಮತ್ತು ಮಿದುಳಿನ ದೂತರು

೧

ಶಾಸ್ತ್ರಗಳ ಚರಿತ್ರೆಯಲ್ಲಿ ವಸ್ತುವಿನ ಸ್ವರೂಪಕ್ಕಿಂತ ಅದರ ಹೆಸರು ಮೊದಲು ನೆಲೆಗೊಳ್ಳುವುದು ಅಪೂರ್ವವಲ್ಲ. ಹೊಸದೊಂದನ್ನು ಕಂಡ ವಿದ್ವಾಂಸನು ಆ ಕಾಲಕ್ಕೆ ತನಗೆ ತಿಳಿದಷ್ಟನ್ನು ಆಧಾರವಾಗಿ ಮಾಡಿಕೊಂಡು ಅದಕ್ಕೊಂದು ಹೆಸರನ್ನಿಡುತ್ತಾನೆ. ಮುಂದೆ ತಿಳಿವು ಬೆಳೆಯುತ್ತದೆ; ಹೆಸರು ಮಾತ್ರ ಇದ್ದಲ್ಲಿಯೇ ನಿಲ್ಲುತ್ತದೆ. ಹೀಗೆ ನಿಂತ ಹೆಸರು ಕೆಲವು ವೇಳೆ ನಿರುಪದ್ರವಿಯಾದ ಗುರುತಾಗಿ ಉಳಿಯುವುದು. ಕೆಲವು ವೇಳೆ ಅನಂತರ ಬಂದವರ ದೃಷ್ಟಿಗೆ ತೆರೆಯಾಗಿ ಪರಿಣಮಿಸುವುದು. ಮಿದುಳನ್ನು ಕುರಿತ ಶಾಸ್ತ್ರದಲ್ಲಿ ಈ ಎರಡು ಬಗೆಗೂ ನಿದರ್ಶನಗಳುಂಟು.

ಮಿದುಳಿನಲ್ಲಿ ಮುಖ್ಯವಾಗಿ ಎರಡು ಕುಲದ ಕೋಶಗಳಿವೆ. ಒಂದು ನರಕೋಶಗಳ ಕುಲ. ಇವು ವಿದ್ಯುತ್ ಸ್ಪಂದನಗಳ ಮೂಲಕ ಸುದ್ದಿಯನ್ನು ಒಯ್ಯುವುವೆಂಬುದು ಎಲ್ಲರೂ ಬಲ್ಲ ಮಾತು. ಇನ್ನೊಂದು ಕುಲಕ್ಕೆ ಗ್ಲಿಯ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಈ ಶಬ್ದಕ್ಕೆ ಅಂಟು ಎಂದರ್ಥ. ಇದು ಹೀಗಿರಲಾಗಿ, ಕೋಶಗಳು ಪರಸ್ಪರ ವ್ಯವಹಾರಕ್ಕೆ ಬಳಸುವ ರಸಾಯನಗಳಲ್ಲಿ ಪೆಪ್ಟೈಡುಗಳೆಂಬುದೊಂದು ವರ್ಗವಿದೆ. ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಗಿಡ್ಡ ಸರಗಳಿವು. ಸರವು ನೀಳವಾದರೆ ಅದನ್ನೇ ಪ್ರೋಟೀನು ಎನ್ನುವರು. ಈ ಪೆಪ್ಟೈಡುಗಳು ಒಂದು ಕೋಶದಿಂದ ಹೊರಟು ಮತ್ತೊಂದರ ಮೇಲ್ಮೈಯಲ್ಲಿರುವ ಗ್ರಾಹಕಗಳಿಗೆ ತಗುಲಿ ಅದರ ನಡತೆಯನ್ನು ಬದಲಿಸುವುದರಿಂದ ಇವನ್ನು ದೂತರೆಂದು ಕರೆದರೆ ತಪ್ಪಾಗದು.

ಅಂಟಿನ ಚರಿತ್ರೆಯೂ ದೂತರ ಚರಿತ್ರೆಯೂ ಬಹುಕಾಲ ಬೇರೆಬೇರೆಯಾಗಿ ನಡೆದುವು. ಮೊದಲನೆಯದು ಸೂಕ್ಷ್ಮದರ್ಶಕವನ್ನು ಹಿಡಿದವರ ಕೈಯಲ್ಲಿ ಬೆಳೆಯಿತು. ಎರಡನೆಯದು ಕಸಾಯಿಖಾನೆಯಿಂದ ತಂದ ಮಿದುಳುಗಳ ಸಾರವನ್ನು ತೆಗೆಯುತ್ತಿದ್ದ ರಸಾಯನಜ್ಞರ ಕೈಯಲ್ಲಿ ಬೆಳೆಯಿತು. ಇಪ್ಪತ್ತನೆಯ ಶತಮಾನದ ಕೊನೆಯ ಕಾಲು ಭಾಗದಲ್ಲಿ ಇವೆರಡೂ ಕೂಡಿದುವು. ಕೂಡುವುದಕ್ಕೆ ಇಷ್ಟು ತಡವಾದುದೇಕೆ, ಅದರಲ್ಲಿ ಹೆಸರಿನ ಪಾಲೆಷ್ಟು, ಉಪಕರಣಗಳ ಪಾಲೆಷ್ಟು ಎಂಬುದು ವಿಚಾರಣೀಯವಾಗಿದೆ.

೨

ನ್ಯೂರೋಗ್ಲಿಯ ಎಂಬ ಹೆಸರನ್ನು ಇಟ್ಟವನು ಜರ್ಮನಿಯ ಪ್ರಸಿದ್ಧ ವೈದ್ಯನಾದ ರುಡಾಲ್ಫ್ ವಿರ್ಕೋ (೧೮೨೧-೧೯೦೨). ಮಿದುಳಿನ ಒಳಗಣ ಕುಹರಗಳ ಗೋಡೆಯಲ್ಲಿ ಒಂದು ಬಗೆಯ ಮೆದುವಾದ ದ್ರವ್ಯವಿರುವುದನ್ನು ಆತನು ೧೮೪೬ರಲ್ಲಿಯೇ ವರ್ಣಿಸಿದ್ದನು. ೧೮೫೬ರಲ್ಲಿ ತನ್ನ ಲೇಖನಗಳನ್ನು ಒಟ್ಟುಗೂಡಿಸಿ ಪ್ರಕಟಿಸುವಾಗ ಅದಕ್ಕೆ ನ್ಯೂರೋಗ್ಲಿಯ ಎಂದು ಹೆಸರಿಟ್ಟನು. ೧೮೫೮ರಲ್ಲಿ ಬರ್ಲಿನ್ ನಗರದಲ್ಲಿ ವೈದ್ಯರ ಮುಂದೆ ಕೊಟ್ಟ ಉಪನ್ಯಾಸಗಳಲ್ಲಿ ಈ ಮಾತನ್ನು ವಿಸ್ತರಿಸಿದನು. ದೇಹದ ಪ್ರತಿಯೊಂದು ಕೋಶವೂ ಮತ್ತೊಂದು ಕೋಶದಿಂದಲೇ ಹುಟ್ಟುವುದೆಂದೂ ರೋಗದ ಮೂಲವನ್ನು ಕೋಶದಲ್ಲಿಯೇ ಅರಸಬೇಕೆಂದೂ ಸಾರಿದ ಉಪನ್ಯಾಸಮಾಲೆಯೂ ಅದೇ.

ಈ ಹೆಸರನ್ನು ವಿರ್ಕೋ ಅಲಕ್ಷ್ಯದಿಂದ ಇಟ್ಟನೆಂದು ತಿಳಿಯಬಾರದು. ದೇಹದ ಉಳಿದ ಭಾಗಗಳಲ್ಲಿ ಅಂಗಗಳನ್ನು ಒಂದಕ್ಕೊಂದು ಹಿಡಿದಿಡುವ ಸಂಯೋಜಕ ಅಂಗಾಂಶವಿದೆ. ಮಿದುಳಿನಲ್ಲಿಯೂ ಅಂಥದೊಂದು ಇದ್ದೇ ತೀರಬೇಕೆಂಬುದು ಆತನ ಊಹೆ. ಆದರೆ ಕಣ್ಣಿಗೆ ಬಿದ್ದ ದ್ರವ್ಯವು ಬೇರೆ ಕಡೆಯ ಸಂಯೋಜಕ ಅಂಗಾಂಶದಂತೆ ತೋರಲಿಲ್ಲ. ಆದುದರಿಂದಲೇ ಹೊಸ ಹೆಸರು ಬೇಕಾಯಿತು. ಕಿಟಕಿಯ ಗಾಜನ್ನು ಚೌಕಟ್ಟಿಗೆ ಹಿಡಿದು ನಿಲ್ಲಿಸುವ ಮೆತ್ತು ಹೇಗೋ ಹಾಗೆ ನರದ ಅಂಶಗಳನ್ನು ಹಿಡಿದು ನಿಲ್ಲಿಸುವ ಮೆತ್ತು ಇದು ಎಂಬುದು ಆತನು ಬಳಸಿದ ಜರ್ಮನ್ ಪದದ ಭಾವ. ವೈದ್ಯನಾದ ವಿರ್ಕೋವಿಗೆ ಈ ಮೆತ್ತು ತುಚ್ಛವಾದ ವಸ್ತುವಾಗಿರಲಿಲ್ಲ. ಮಿದುಳಿನ ಅನೇಕ ರೋಗಗಳು ನರದ ಭಾಗದಲ್ಲಲ್ಲದೆ ಈ ದ್ರವ್ಯದಲ್ಲಿಯೇ ಹುಟ್ಟಬಹುದೆಂದು ಆತನು ತಿಳಿದಿದ್ದನು. ಇಲ್ಲಿ ಬೆಳೆಯುವ ಗಡ್ಡೆಗೆ ಗ್ಲಿಯೋಮವೆಂಬ ಹೆಸರನ್ನು ಬಳಕೆಗೆ ತಂದವನೂ ಆತನೇ. ಹೀಗೆ ಹೆಸರಿಟ್ಟವನ ಮನಸ್ಸಿನಲ್ಲಿ ಇದ್ದುದು ಗೌರವ. ಹೆಸರಿನಲ್ಲಿ ಉಳಿದುದು ಅಂಟು ಮಾತ್ರ.

ವಿರ್ಕೋ ಕಂಡುದು ಹೆಚ್ಚಾಗಿ ಒಂದು ದ್ರವ್ಯವನ್ನು. ಅದರೊಳಗಣ ಕೋಶಗಳ ಆಕಾರವನ್ನು ಸ್ಪಷ್ಟಪಡಿಸಿದವರು ಬೇರೆಯವರು. ಅವರಲ್ಲಿ ಬಾನ್ ನಗರದ ಆಟೋ ಡೈಟರ್ಸ್ ಮುಖ್ಯನು. ಈತನು ೧೮೬೩ರಲ್ಲಿ ತನ್ನ ೨೯ನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡನು. ಈತನು ಬರೆದಿಟ್ಟುದನ್ನು ಮಾಕ್ಸ್ ಶುಲ್ಟ್ಸ್ ಎಂಬ ವಿದ್ವಾಂಸನು ೧೮೬೫ರಲ್ಲಿ ಪ್ರಕಟಿಸಿದನು. ಅದರ ಚಿತ್ರಗಳಲ್ಲಿ ನಕ್ಷತ್ರದಂತೆ ಸುತ್ತಲೂ ಕೈಚಾಚಿದ ಕೋಶಗಳನ್ನು ಕಾಣಬಹುದು. ನರಕೋಶದಿಂದ ಹೊರಡುವ ನೀಳವಾದ ಒಂಟಿ ತಂತು ಈ ಕೋಶಗಳಿಗೆ ಇರಲಿಲ್ಲ. ಆ ಹೊತ್ತಿನಿಂದ ಗ್ಲಿಯವನ್ನು ಗುರುತಿಸುವ ಲಕ್ಷಣವು ಅಭಾವರೂಪದ್ದಾಯಿತು: ನೀಳತಂತುವಿಲ್ಲದ್ದು ಗ್ಲಿಯ. ಒಂದು ವಸ್ತುವನ್ನು ಅದರಲ್ಲಿ ಇಲ್ಲದುದರಿಂದ ನಿರೂಪಿಸಿದರೆ ಅದರಲ್ಲಿ ಇರುವುದನ್ನು ಕೇಳುವ ಆಸಕ್ತಿಯು ಸಹಜವಾಗಿ ಕುಂದುವುದು.

೩

ಮುಂದಿನ ಐವತ್ತು ವರ್ಷಗಳ ಚರಿತ್ರೆಯು ಬಣ್ಣಗಳ ಚರಿತ್ರೆ. ಮಿದುಳಿನ ತೆಳುವಾದ ಬಿಲ್ಲೆಯನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟರೆ ಎಲ್ಲವೂ ಒಂದೇ ಬಿಳುಪಾಗಿ ತೋರುವುದು. ಯಾವ ಲವಣ ಯಾವ ಕೋಶಕ್ಕೆ ಹಿಡಿಯುವುದೋ ಅದು ಮಾತ್ರ ಕಾಣುವುದು. ಇಟಲಿಯ ಕ್ಯಾಮಿಲೋ ಗಾಲ್ಜಿ ಎಂಬಾತನು ಅಬ್ಬಿಯಾತೆಗ್ರಾಸ್ಸೋ ಎಂಬ ಊರಿನ ಆಸ್ಪತ್ರೆಯಲ್ಲಿದ್ದಾಗ ಅಡಿಗೆಮನೆಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು ಬೆಳ್ಳಿಯ ಲವಣದಿಂದ ಕೋಶಗಳಿಗೆ ಕಪ್ಪುಬಣ್ಣವನ್ನು ಹಿಡಿಸುವ ಕ್ರಮವನ್ನು ಕಂಡುಹಿಡಿದು ೧೮೭೩ರಲ್ಲಿ ಪ್ರಕಟಿಸಿದನು. ಈ ಕ್ರಮದಲ್ಲಿ ಕೆಲವೇ ಕೋಶಗಳು ಬಣ್ಣ ಹಿಡಿಯುವುವು. ಆದರೆ ಹಿಡಿದವು ತುದಿಮೊದಲಾಗಿ ಕಾಣುವುವು. ಗ್ಲಿಯ ಕೋಶಗಳ ಕೈಗಳು ರಕ್ತನಾಳದ ಗೋಡೆಯನ್ನು ಮುಟ್ಟಿ ನಿಂತಿರುವುದನ್ನು ಗಾಲ್ಜಿ ಕಂಡನು. ರಕ್ತದಿಂದ ಆಹಾರವನ್ನು ತೆಗೆದು ನರಕೋಶಗಳಿಗೆ ಒದಗಿಸುವುದು ಇವುಗಳ ಕೆಲಸವಿರಬೇಕೆಂದು ಊಹಿಸಿದನು. ಅಂಟು ಈಗ ಪರಿಚಾರಕವಾಯಿತು.

ಇದೇ ಕ್ರಮವನ್ನು ೧೮೮೭ರಲ್ಲಿ ಕಲಿತು ಗುರುವನ್ನೇ ಮೀರಿದವನು ಸ್ಪೇನ್ ದೇಶದ ಸಾಂತಿಯಾಗೋ ರಮೋನ್ ಇ ಕಹಾಲ್. ನರಮಂಡಲವು ಬೇರೆಬೇರೆ ಕೋಶಗಳಿಂದಾದುದೇ ಹೊರತು ಅವಿಚ್ಛಿನ್ನವಾದ ಬಲೆಯಲ್ಲವೆಂದು ಈತನು ತೋರಿಸಿದನು. ೧೮೯೧ರಲ್ಲಿ ವಾಲ್ಡೆಯರ್ ಎಂಬಾತನು ಆ ಕೋಶಕ್ಕೆ ನ್ಯೂರಾನ್ ಎಂದು ಹೆಸರಿಟ್ಟನು. ಅದೇ ದಶಕದಲ್ಲಿ ಹಂಗೆರಿಯ ಲೆನ್ಹೊಶೇಕ್ ಎಂಬ ಪಂಡಿತನು ನಕ್ಷತ್ರಾಕಾರದ ಗ್ಲಿಯ ಕೋಶಕ್ಕೆ ಆಸ್ಟ್ರೋಸೈಟ್, ಎಂದರೆ ತಾರಾಕೋಶ, ಎಂಬ ಹೆಸರನ್ನು ಕೊಟ್ಟನು. ನ್ಯೂರಾನ್ ಸಿದ್ಧಾಂತವು ಸ್ಥಿರವಾದಂತೆಲ್ಲ ವಿದ್ವಾಂಸರ ದೃಷ್ಟಿಯು ನರಕೋಶದ ಕಡೆಗೇ ಹರಿಯಿತು. ಕಹಾಲನು ಮಾತ್ರ ಗ್ಲಿಯವನ್ನು ಮರೆಯಲಿಲ್ಲ. ನರಕೋಶಗಳ ಸ್ಪಂದನಗಳು ಒಂದರಲ್ಲೊಂದು ಬೆರೆಯದಂತೆ ತಡೆಯುವುದು ಗ್ಲಿಯದ ಕೆಲಸವೆಂದು ಆತನ ತಮ್ಮನಾದ ಪೆದ್ರೋ ಸೂಚಿಸಿದ್ದನು. ಕಹಾಲನು ಅದನ್ನು ಎತ್ತಿಹಿಡಿದನು. ತಾರಾಕೋಶಗಳು ಕೈಚಾಚಿದಾಗ ಸ್ಪಂದನಗಳ ದಾರಿ ಮುಚ್ಚಿ ನಿದ್ರೆಯುಂಟಾಗುವುದೆಂದೂ ಕೈಯನ್ನು ಹಿಂದೆಗೆದುಕೊಂಡಾಗ ಎಚ್ಚರವಾಗುವುದೆಂದೂ ೧೮೯೫ರಲ್ಲಿ ಒಂದು ಊಹೆಯನ್ನು ಮುಂದಿಟ್ಟನು. ಊಹೆಯು ನಿಲ್ಲಲಿಲ್ಲ. ಆದರೆ ಗ್ಲಿಯ ಕೋಶವು ಕೈಚಾಚುವುದು, ಕೈ ಹಿಂದೆಗೆಯುವುದು ಎಂಬ ಚಿತ್ರವು ತೊಂಬತ್ತು ವರ್ಷಗಳ ಅನಂತರ ಬೇರೊಂದು ಪ್ರಸಂಗದಲ್ಲಿ ಪ್ರತ್ಯಕ್ಷವಾದುದನ್ನು ಮುಂದೆ ಕಾಣಬಹುದು.

೧೯೧೩ರಲ್ಲಿ ಕಹಾಲನು ಚಿನ್ನದ ಲವಣವನ್ನೂ ಪಾದರಸದ ಲವಣವನ್ನೂ ಬಳಸಿ ತಾರಾಕೋಶಗಳಿಗೆ ಮಾತ್ರ ಹಿಡಿಯುವ ಬಣ್ಣವೊಂದನ್ನು ಸಿದ್ಧಪಡಿಸಿದನು. ನರಕೋಶವೂ ಅಲ್ಲದ, ತಾರಾಕೋಶವೂ ಅಲ್ಲದ ಇನ್ನಷ್ಟು ಕೋಶಗಳು ಬಣ್ಣಹಿಡಿಯದೆ ಉಳಿದುವು. ಇವನ್ನು ಆತನು ಮೂರನೆಯ ಅಂಶವೆಂದು ಕರೆದನು. ಈ ಮೂರನೆಯ ಅಂಶವನ್ನು ಬಿಡಿಸಿದವನು ಮ್ಯಾಡ್ರಿಡ್ಡಿನಲ್ಲಿ ಆತನ ಬಳಿಯಲ್ಲಿಯೇ ಕೆಲಸಮಾಡುತ್ತಿದ್ದ ಪೀಯೋ ದೆಲ್ ರೀಯೋ ಓರ್ತೇಗ (೧೮೮೨-೧೯೪೫). ಬೆಳ್ಳಿಯ ಕಾರ್ಬೊನೇಟಿನಿಂದ ಹೊಸ ಕ್ರಮವೊಂದನ್ನು ರೂಪಿಸಿ ಇದರಲ್ಲಿ ಎರಡು ಬಗೆಯ ಕೋಶಗಳಿರುವುದನ್ನು ಈತನು ತೋರಿಸಿದನು. ಗಾಯವಾದಲ್ಲಿಗೆ ಸರಿದುಹೋಗಿ ಸತ್ತ ಕಣಗಳನ್ನು ನುಂಗುವ ಕೋಶಗಳಿಗೆ ೧೯೧೯ರಲ್ಲಿ ಮೈಕ್ರೋಗ್ಲಿಯವೆಂದು ಹೆಸರಿಟ್ಟನು. ಸ್ವಲ್ಪವೇ ಕವಲುಗಳುಳ್ಳ ಇನ್ನೊಂದು ಬಗೆಗೆ ೧೯೨೧ರಲ್ಲಿ ಆಲಿಗೊಡೆಂಡ್ರೋಗ್ಲಿಯ ಎಂದು ಹೆಸರಿಟ್ಟನು. ನೀಳತಂತುಗಳಿಗೆ ಸುತ್ತಿಕೊಂಡಿರುವ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಈ ಎರಡನೆಯ ಬಗೆಯ ಕೋಶಗಳ ಕೃತಿ.

ಈ ಸಾಧನೆಯ ನಡುವೆ ಗುರುಶಿಷ್ಯರ ಬಾಂಧವ್ಯವು ಮುರಿಯಿತು. ಎಡಿನ್‌ಬರೋದ ರಾಬರ್ಟ್‌ಸನ್ ಎಂಬಾತನು ಇಂತಹ ಕೋಶಗಳನ್ನು ಮೊದಲೇ ಕಂಡಿದ್ದನೆಂದು ಕಹಾಲನು ಬರೆದನು. ಪ್ರಯೋಗಶಾಲೆಯ ಒಳಜಗಳಗಳೂ ಇದಕ್ಕೆ ಸೇರಿ ೧೯೨೦ರಲ್ಲಿ ಓರ್ತೇಗನು ಅಲ್ಲಿಂದ ಹೊರಬೀಳಬೇಕಾಯಿತು. ಅದೇ ನಗರದ ವಿದ್ಯಾರ್ಥಿನಿಲಯವೊಂದರಲ್ಲಿ ದೊರೆತ ಸಣ್ಣ ಪ್ರಯೋಗಶಾಲೆಯಲ್ಲಿ ಕೆಲಸವನ್ನು ಮುಂದುವರಿಸಿದನು. ಆತನ ಹೇಳಿಕೆಗಳನ್ನು ಹಲವರು ನಂಬಲಿಲ್ಲ. ೧೯೨೪ರಲ್ಲಿ ಅಲ್ಲಿಗೆ ಬಂದು ಆತನ ಕ್ರಮಗಳನ್ನು ಕೈಯಾರೆ ಕಲಿತ ವೈಲ್ಡರ್ ಪೆನ್‌ಫೀಲ್ಡನು, ಓರ್ತೇಗನು ಹೇಳಿದುದು ನಿಜವೆಂದು ಇಂಗ್ಲಿಷ್ ಬಲ್ಲ ಲೋಕಕ್ಕೆ ತಿಳಿಸಿದನು. ೧೯೩೬ರಲ್ಲಿ ಸ್ಪೇನಿನ ಅಂತರ್ಯುದ್ಧವು ಹೊತ್ತಿಕೊಂಡಿತು. ಓರ್ತೇಗನು ದೇಶವನ್ನು ಬಿಟ್ಟು ಪ್ಯಾರಿಸ್, ಆಕ್ಸ್‌ಫರ್ಡುಗಳಲ್ಲಿದ್ದು, ಕೊನೆಗೆ ಬ್ವೇನೋಸ್ ಐರೇಸ್ ನಗರದಲ್ಲಿ ೧೯೪೫ರಲ್ಲಿ ದೇಹವನ್ನು ಬಿಟ್ಟನು. ಗ್ಲಿಯವನ್ನೇ ಜೀವಿತದ ವಿಷಯವನ್ನಾಗಿ ಮಾಡಿಕೊಂಡಿದ್ದ ಮ್ಯಾಡ್ರಿಡ್ಡಿನ ವಿದ್ವನ್ಮಂಡಲಿಯು ಚದರಿಹೋಯಿತು. ಗ್ಲಿಯದ ವಿಷಯವು ಹಿಂದೆ ಬಿದ್ದುದಕ್ಕೆ ಹೆಸರಿನ ದೋಷವೊಂದೇ ಕಾರಣವೆನ್ನುವವರು ಈ ಸಂಗತಿಯನ್ನು ಮರೆಯಲಾಗದು.

೪

ಗ್ಲಿಯ ಕೋಶವು ತಾನೂ ಏನನ್ನೋ ಸ್ರವಿಸುವುದೆಂಬ ಮಾತು ಹೊಸದಲ್ಲ. ನರಕೋಶಗಳ ಸಂಧಿಗಳಲ್ಲಿ ರಸಾಯನವೊಂದು ಹೊರಬೀಳುತ್ತಿರಬಹುದೆಂದೂ ಅದನ್ನು ತೆಗೆದುಹಾಕುವುದು ಗ್ಲಿಯದ ಕೆಲಸವಿರಬಹುದೆಂದೂ ಇಟಲಿಯ ಎರ್ನೆಸ್ಟೋ ಲುಗಾರೋ ೧೯೦೭ರಲ್ಲಿ ಬರೆದನು. ೧೯೧೦ರಲ್ಲಿ ಫ್ರಾನ್ಸಿನ ಜಾನ್ ನಾಜಾಟ್ ಎಂಬಾತನು ಗ್ಲಿಯ ಕೋಶಗಳ ಒಳಗೆ ಗ್ರಂಥಿಗಳಲ್ಲಿ ಕಾಣುವಂತಹ ಕಣಗಳನ್ನು ಕಂಡು, ಮಿದುಳಿನ ಬೂದು ಭಾಗದ ಗ್ಲಿಯವೆಲ್ಲ ಸೇರಿ ಒಂದು ಸ್ರಾವಗ್ರಂಥಿಯಂತೆ ಕೆಲಸಮಾಡುವುದೆಂದು ಸೂಚಿಸಿದನು. ಓರ್ತೇಗನಿಗೆ ಬಣ್ಣಗಾರಿಕೆಯನ್ನು ಕಲಿಸಿದ ನಿಕೊಲಾಸ್ ಅಚೂಕರ್ರೋ ಇದೇ ಅಭಿಪ್ರಾಯವನ್ನು ಬೆಳೆಸಿದನು. ಆತನೂ ೧೯೧೮ರಲ್ಲಿ ಮೂವತ್ತೇಳನೆಯ ವಯಸ್ಸಿನಲ್ಲಿ ಮರಣ ಹೊಂದಿದನು.

ಇವರ ಮಾತು ನಡೆಯಲಿಲ್ಲ. ಸ್ರವಿಸುವುದು ಏನನ್ನು ಎಂದು ಕೇಳಿದರೆ ಉತ್ತರಕೊಡುವ ರಸಾಯನಶಾಸ್ತ್ರವು ಆಗ ಇರಲಿಲ್ಲ. ಅಷ್ಟರಲ್ಲಿ ವಿದ್ಯುತ್ತನ್ನು ಅಳೆಯುವ ಸೂಕ್ಷ್ಮ ಉಪಕರಣಗಳು ಬಂದುವು. ನರಕೋಶವನ್ನು ಮುಟ್ಟಿದರೆ ಸ್ಪಂದನವು ಕೇಳುವುದು. ಗ್ಲಿಯ ಕೋಶವನ್ನು ಮುಟ್ಟಿದರೆ ಮೌನ. ಮೌನವಾಗಿರುವುದನ್ನು ಜಡವೆಂದು ತಿಳಿಯುವುದು ಸುಲಭ; ಅಂಟು ಎಂಬ ಹೆಸರು ಆ ತಿಳಿವಳಿಕೆಗೆ ಮೊದಲೇ ಆಸನವನ್ನು ಹಾಕಿಟ್ಟಿದ್ದಿತು. ೧೯೬೬ರಲ್ಲಿ ಹಾರ್ವರ್ಡಿನ ಸ್ಟೀಫನ್ ಕಫ್ಲರನೂ ಆತನ ಸಹೋದ್ಯೋಗಿಗಳೂ ನೀರಿನಲ್ಲಿ ಬಾಳುವ ಉಭಯಚರಿಯೊಂದರ ಕಣ್ಣಿನ ನರದಲ್ಲಿ ಪ್ರಯೋಗಮಾಡಿ, ನರತಂತುಗಳು ಸ್ಪಂದಿಸಿದಾಗ ಹೊರಬೀಳುವ ಪೊಟ್ಯಾಸಿಯಮ್ಮಿಗೆ ಗ್ಲಿಯ ಕೋಶದ ವಿದ್ಯುದ್ಬಲವು ನಿಧಾನವಾಗಿ ಬದಲಾಗುವುದೆಂದು ತೋರಿಸಿದರು. ಗ್ಲಿಯವು ಕಿವುಡಲ್ಲವೆಂದು ಇದರಿಂದ ತಿಳಿಯಿತು. ಮೂಕವಲ್ಲವೆಂದು ತಿಳಿಯುವುದಕ್ಕೆ ದೂತರ ಚರಿತ್ರೆಯು ಬಂದು ಕೂಡಬೇಕಾಗಿದ್ದಿತು.

೫

ದೂತರ ಚರಿತ್ರೆಯಲ್ಲಿ ಮೊದಲ ಹೆಸರು ಹೆಸರೇ ಅಲ್ಲ, ಒಂದು ಅಕ್ಷರ. ೧೯೩೧ರಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ಮತ್ತು ಇಂಗ್ಲೆಂಡಿನ ಜಾನ್ ಗ್ಯಾಡಮ್ ಲಂಡನ್ನಿನಲ್ಲಿ ಹೆನ್ರಿ ಡೇಲನ ಪ್ರಯೋಗಶಾಲೆಯಲ್ಲಿ ಕುದುರೆಯ ಮಿದುಳಿನ ಮತ್ತು ಕರುಳಿನ ಸಾರವನ್ನು ಪರೀಕ್ಷಿಸುತ್ತಿದ್ದರು. ಅದನ್ನು ಮೊಲಕ್ಕೆ ಕೊಟ್ಟಾಗ ರಕ್ತದ ಒತ್ತಡವು ಇಳಿಯಿತು. ಮೊಲದ ಕರುಳಿನ ತುಂಡು ಅದರಲ್ಲಿ ಮುಳುಗಿದಾಗ ಸಂಕುಚಿಸಿತು. ಆಗ ತಿಳಿದಿದ್ದ ಅಸಿಟೈಲ್‌ಕೋಲಿನ್ನಿನ ಪ್ರಭಾವವನ್ನು ತಡೆಯುವ ಔಷಧಿಯಿಂದ ಇದು ತಡೆಯಲ್ಪಡಲಿಲ್ಲ. ಆದುದರಿಂದ ಇದು ಬೇರೊಂದು ದ್ರವ್ಯ. ಅದರ ಒಣಗಿದ ಪುಡಿಗೆ ಅವರು ಇಟ್ಟುಕೊಂಡಿದ್ದ ಗುರುತು ಪಿ. ಅದೇ ಪಿ ದ್ರವ್ಯವೆಂದು ರೂಢಿಯಾಯಿತು. ಮಿದುಳು ಮತ್ತು ಕರುಳು ಎರಡರಲ್ಲಿಯೂ ಇರುವ ಒಂದು ದ್ರವ್ಯವು ಯಾವುದಕ್ಕೆ ಸೇರಿದುದೆಂಬ ತೀರ್ಪನ್ನು ಈ ಅಕ್ಷರವು ಕೊಡಲಿಲ್ಲ. ಏನನ್ನೂ ಹೇಳದ ಹೆಸರು ಯಾರ ದಾರಿಗೂ ಅಡ್ಡಬರಲಿಲ್ಲ.

ಆದರೆ ಅದರ ರಚನೆ ತಿಳಿಯಲು ನಾಲ್ವತ್ತು ವರ್ಷಗಳಾದುವು. ಅಮೆರಿಕದ ಸೂಸನ್ ಲೀಮನ್ ದನದ ಹೈಪೊಥಲಾಮಸ್ಸಿನ ಸಾರದಲ್ಲಿ ಬೇರೊಂದು ಹಾರ್ಮೋನನ್ನು ಅರಸುತ್ತಿದ್ದಾಗ, ಆ ಸಾರದ ಒಂದು ಭಾಗವನ್ನು ಇಲಿಗಳಿಗೆ ಕೊಟ್ಟರೆ ಅವು ಹೇರಳವಾಗಿ ಜೊಲ್ಲು ಸುರಿಸುವುದನ್ನು ಕಂಡಳು. ಜೊಲ್ಲಿನ ಜಾಡನ್ನೇ ಹಿಡಿದು ಹೋದ ಈಕೆಯೂ ಸಹೋದ್ಯೋಗಿಗಳೂ ೧೯೭೦-೭೧ರಲ್ಲಿ ಆ ದ್ರವ್ಯವನ್ನು ಶುದ್ಧಪಡಿಸಿ, ಅದು ೧೧ ಅಮೈನೋ ಆಮ್ಲಗಳ ಸರವೆಂದೂ ಹಳೆಯ ಪಿ ದ್ರವ್ಯವೇ ಇದೆಂದೂ ತೋರಿಸಿದರು.

ಇದಕ್ಕೆ ಸಮಾನವಾಗಿ ಮತ್ತೊಂದು ಪ್ರವಾಹವು ಹರಿಯುತ್ತಿದ್ದಿತು. ೧೯೨೮ರಲ್ಲಿ ಜರ್ಮನಿಯ ಎರ್ನ್ಸ್ಟ್ ಷಾರರ್ ಮೀನಿನ ಹೈಪೊಥಲಾಮಸ್ಸಿನಲ್ಲಿ ಗ್ರಂಥಿಯಂತೆ ಸ್ರವಿಸುವ ನರಕೋಶಗಳಿವೆಯೆಂದನು. ಆತನೂ ಆತನ ಪತ್ನಿ ಬರ್ಟಾ ಷಾರರಳೂ ಪ್ರಾಣಿವರ್ಗಗಳನ್ನು ಹಂಚಿಕೊಂಡು, ಆತನು ಬೆನ್ನೆಲುಬುಳ್ಳವನ್ನೂ ಆಕೆ ಇಲ್ಲದವನ್ನೂ ಪರೀಕ್ಷಿಸಿದರು. ನರಕೋಶವು ಗ್ರಂಥಿಯೂ ಆಗಬಲ್ಲದೆಂಬ ಮಾತನ್ನು ಪಂಡಿತರು ಬಹುಕಾಲ ಒಪ್ಪಲಿಲ್ಲ. ೧೯೪೯ರಲ್ಲಿ ಬಾರ್ಗ್‌ಮನ್ ಎಂಬಾತನು ಸ್ರಾವಕಣಗಳು ಹೈಪೊಥಲಾಮಸ್ಸಿನಿಂದ ಪಿಟ್ಯುಟರಿ ಗ್ರಂಥಿಯ ಹಿಂಭಾಗದವರೆಗೆ ಹೋಗುವ ದಾರಿಯನ್ನು ಬಣ್ಣದಿಂದ ತೋರಿಸಿದ ಮೇಲೆ ಸಂದೇಹವು ಕಡಮೆಯಾಯಿತು. ೧೯೫೩ರಲ್ಲಿ ವಿನ್ಸೆಂಟ್ ಡು ವೀನ್ಯೋ ಆ ದಾರಿಯಲ್ಲಿ ಬರುವ ಆಕ್ಸಿಟೋಸಿನ್ ಎಂಬ ಪೆಪ್ಟೈಡಿನ ೯ ಮಣಿಗಳನ್ನು ಎಣಿಸಿ ಅದನ್ನು ಪ್ರಯೋಗಶಾಲೆಯಲ್ಲಿಯೇ ಕಟ್ಟಿದನು. ೧೯೬೯ರಲ್ಲಿ ರೋಜೆ ಗಿಲ್ಮಾನನು ಕುರಿಯ ಮಿದುಳುಗಳಿಂದಲೂ ಆಂಡ್ರ್ಯೂ ಶಾಲಿಯು ಹಂದಿಯ ಮಿದುಳುಗಳಿಂದಲೂ ಮೂರೇ ಮಣಿಗಳ ಪೆಪ್ಟೈಡೊಂದರ ರಚನೆಯನ್ನು ಪೈಪೋಟಿಯಿಂದ ಬಿಡಿಸಿದರು. ೧೯೭೫ರಲ್ಲಿ ಆಬರ್ಡೀನಿನ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಸ್ ಹಂದಿಯ ಮಿದುಳಿನಲ್ಲಿ ಅಫೀಮಿನಂತೆ ವರ್ತಿಸುವ ಐದು ಮಣಿಗಳ ಎರಡು ಪೆಪ್ಟೈಡುಗಳನ್ನು ಕಂಡು ಎನ್‌ಕೆಫಲಿನ್ ಎಂದು ಕರೆದರು; ತಲೆಯೊಳಗಿನದು ಎಂದು ಆ ಹೆಸರಿನ ಭಾವ.

ಈ ಎಲ್ಲ ಶೋಧನೆಗಳಲ್ಲಿಯೂ ಒಂದು ಅಂಶವು ಸಾಮಾನ್ಯವಾಗಿದೆ. ಮಿದುಳನ್ನು ಅರೆದು ಸಾರವನ್ನು ತೆಗೆದವರಿಗೆ ಆ ಸಾರವು ಯಾವ ಕೋಶದಿಂದ ಬಂದಿತೆಂದು ತಿಳಿಯುವ ಉಪಾಯವಿರಲಿಲ್ಲ. ಅರೆದುದರಲ್ಲಿ ನರಕೋಶಗಳೂ ಇದ್ದುವು, ಗ್ಲಿಯವೂ ಇದ್ದಿತು. ಆದರೂ ದೂತನಿದ್ದರೆ ಅವನನ್ನು ಕಳುಹಿದುದು ನರಕೋಶವೇ, ಬರಮಾಡಿಕೊಂಡುದೂ ನರಕೋಶವೇ ಎಂದು ಹೆಚ್ಚಿನವರು ಎಣಿಸಿದರು. ಅಂಟಿಗೆ ದೂತರು ಏಕೆ?

೬

ಎರಡು ಚರಿತ್ರೆಗಳು ಕೂಡಿದುದನ್ನು ಮೂರು ನಿದರ್ಶನಗಳಿಂದ ತಿಳಿಯಬಹುದು.

ಮೊದಲನೆಯದು ಗ್ಲಿಯವು ಪೆಪ್ಟೈಡಿನ ಮಾತನ್ನು ಕೇಳುವ ಪ್ರಸಂಗ. ೧೯೭೦ರಲ್ಲಿ ಸಾಮಿ ಸೈದ್ ಮತ್ತು ವಿಕ್ಟರ್ ಮುಟ್ ಎಂಬವರು ಹಂದಿಯ ಕರುಳಿನಿಂದ ೨೮ ಮಣಿಗಳ ಪೆಪ್ಟೈಡೊಂದನ್ನು ತೆಗೆದು, ಅದು ರಕ್ತನಾಳಗಳನ್ನು ಹಿಗ್ಗಿಸುವುದರಿಂದ ನಾಳಗಳ ಮೇಲೆ ವರ್ತಿಸುವ ಕರುಳಿನ ಪೆಪ್ಟೈಡು ಎಂಬ ಅರ್ಥದ ಹೆಸರನ್ನಿಟ್ಟರು. ಆರು ವರ್ಷಗಳೊಳಗಾಗಿ ಅದು ಮಿದುಳಿನಲ್ಲಿಯೂ ಇರುವುದು ಕಂಡುಬಂದು ಹೆಸರು ಸುಳ್ಳಾಯಿತು. ಇದೇ ಪೆಪ್ಟೈಡನ್ನು ಇಲಿಯ ಮಿದುಳಿನ ಹೊರಪದರದ ಬಿಲ್ಲೆಗಳಿಗೆ ಸೋಂಕಿಸಿದರೆ ಅಲ್ಲಿ ಕೂಡಿಟ್ಟಿದ್ದ ಗ್ಲೈಕೊಜನ್ ಎಂಬ ಶರ್ಕರಸಂಚಯವು ಕರಗುವುದೆಂದು ೧೯೮೧ರಲ್ಲಿ ಪಿಯೆರ್ ಮಜಿಸ್ಟ್ರೆಟ್ಟಿ ಮತ್ತು ಸಹೋದ್ಯೋಗಿಗಳು ತೋರಿಸಿದರು. ಮಿದುಳಿನಲ್ಲಿ ಗ್ಲೈಕೊಜನ್ನಿನ ಉಗ್ರಾಣವು ಮುಖ್ಯವಾಗಿ ತಾರಾಕೋಶಗಳಲ್ಲಿದೆ. ಎಂದಮೇಲೆ ನರಕೋಶವು ಕಳುಹಿದ ದೂತನು ತಾರಾಕೋಶದ ಬಾಗಿಲನ್ನು ತಟ್ಟಿ ಉಗ್ರಾಣವನ್ನು ತೆರೆಸಿದಂತಾಯಿತು. ರಕ್ತದಿಂದ ಆಹಾರವನ್ನು ಒದಗಿಸುವ ಪರಿಚಾರಕವೆಂದು ಗಾಲ್ಜಿ ಊಹಿಸಿದ್ದುದಕ್ಕೆ ಇದು ನೂರು ವರ್ಷಗಳ ಅನಂತರ ಬಂದ ಉತ್ತರ. ಆದರೆ ಈ ಪರಿಚಾರಕನು ಅಪ್ಪಣೆಯನ್ನು ಕೇಳಿ ಅರ್ಥಮಾಡಿಕೊಳ್ಳಬಲ್ಲನೆಂಬುದು ಹೊಸ ಸಂಗತಿ.

ಎರಡನೆಯದು ಆಕ್ಸಿಟೋಸಿನ್ನಿನ ಪ್ರಸಂಗ. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಶೀಘ್ರಪ್ರಸವವೆಂಬ ಅರ್ಥವಿದೆ. ಇದನ್ನು ಸ್ರವಿಸುವ ನರಕೋಶಗಳು ಹೈಪೊಥಲಾಮಸ್ಸಿನಲ್ಲಿ ಗುಂಪುಗುಂಪಾಗಿವೆ. ಸಾಮಾನ್ಯ ಕಾಲದಲ್ಲಿ ಒಂದೊಂದರ ನಡುವೆಯೂ ತಾರಾಕೋಶದ ತೆಳುವಾದ ಕೈಗಳು ತೂರಿ ಅವನ್ನು ಬೇರ್ಪಡಿಸಿರುತ್ತವೆ. ೧೯೭೦ರ ದಶಕದಲ್ಲಿ ಅಮೆರಿಕದ ಗ್ಲೆನ್ ಹ್ಯಾಟನನೂ ಆತನ ಸಹೋದ್ಯೋಗಿಗಳೂ ಬಾಯಾರಿದ ಇಲಿಗಳಲ್ಲಿಯೂ, ಅನಂತರ ಫ್ರಾನ್ಸಿನ ಡಯೊನಿಸಿಯಾ ಥಿಯೋಡೋಸಿಸ್ ಮತ್ತು ಸಹೋದ್ಯೋಗಿಗಳು ಹಾಲೂಡಿಸುವ ಇಲಿಗಳಲ್ಲಿಯೂ ಈ ಭಾಗವನ್ನು ಪರೀಕ್ಷಿಸಿದಾಗ ಅಪೂರ್ವವಾದ ದೃಶ್ಯವು ಕಂಡುಬಂದಿತು. ತಾರಾಕೋಶಗಳು ತಮ್ಮ ಕೈಗಳನ್ನು ಹಿಂದೆಗೆದುಕೊಂಡಿದ್ದುವು; ನರಕೋಶಗಳು ಮೈಗೆ ಮೈ ತಾಗಿಸಿ ನಿಂತಿದ್ದುವು. ಮರಿಗಳು ಹಾಲುಬಿಟ್ಟ ಮೇಲೆ ಕೈಗಳು ಮತ್ತೆ ಚಾಚಿಕೊಂಡುವು. ಆಕ್ಸಿಟೋಸಿನ್ನನ್ನೇ ಮಿದುಳಿನ ಕುಹರಕ್ಕೆ ಹರಿಸಿದರೆ ಈ ಮಾರ್ಪಾಟು ಉಂಟಾಗುವುದೆಂದು ೧೯೮೬ರಲ್ಲಿ ಥಿಯೋಡೋಸಿಸ್ ಮೊದಲಾದವರು ಪ್ರಕಟಿಸಿದರು. ನರಕೋಶವು ಕಳುಹಿದ ಪೆಪ್ಟೈಡು ಗ್ಲಿಯದ ಆಕಾರವನ್ನೇ ಬದಲಿಸಿತು. ಗ್ಲಿಯದ ಆಕಾರವು ಬದಲಾದುದರಿಂದ ನರಕೋಶಗಳು ಒಂದಾಗಿ ಸ್ಪಂದಿಸಿ ಹಾಲಿಳಿಸುವುದಕ್ಕೆ ಅನುಕೂಲವಾಯಿತೆಂದು ಅವರ ಅಭಿಪ್ರಾಯ. ಕಹಾಲನು ೧೮೯೫ರಲ್ಲಿ ನಿದ್ರೆಯ ವಿಷಯದಲ್ಲಿ ಊಹಿಸಿದ್ದ ಚಿತ್ರವು ಮಾತೃತ್ವದ ವಿಷಯದಲ್ಲಿ ನಿಜವಾಯಿತು. ೨೦೨೧ರಲ್ಲಿ ಯೂರೋಪಿನ ವಿದ್ವಾಂಸರ ಗುಂಪೊಂದು, ಭಯ ಮೊದಲಾದ ಭಾವಗಳಿಗೆ ಸಂಬಂಧಪಟ್ಟ ಅಮಿಗ್ಡಲವೆಂಬ ಭಾಗದಲ್ಲಿಯೂ ಆಕ್ಸಿಟೋಸಿನ್ನಿನ ಪ್ರಭಾವವು ತಾರಾಕೋಶಗಳ ಮುಖಾಂತರ ನರಕೋಶಗಳಿಗೆ ತಲುಪುವುದೆಂದು ಇಲಿಗಳಲ್ಲಿ ತೋರಿಸಿತು.

ಮೂರನೆಯದು ಗ್ಲಿಯವೇ ದೂತನನ್ನು ಕಳುಹುವ ಪ್ರಸಂಗ. ತಾರಾಕೋಶಗಳು ಎನ್‌ಕೆಫಲಿನ್ ಮೊದಲಾದ ಪೆಪ್ಟೈಡುಗಳ ಮೂಲದ್ರವ್ಯವನ್ನು ತಯಾರಿಸಬಲ್ಲುವೆಂದು ೧೯೮೦ರ ದಶಕದ ಕೊನೆಯಲ್ಲಿ ತಿಳಿದುಬಂದಿತು. ಇನ್ನೂ ವಿಶದವಾದುದು ಎಂಡೊಜೆಪೀನುಗಳ ಚರಿತ್ರೆ. ಚಿತ್ತದ ಉದ್ವೇಗವನ್ನು ಶಮನಗೊಳಿಸುವ ಬೆಂಜೊಡಯಜೆಪೀನ್ ಗುಳಿಗೆಗಳು ೧೯೬೦ರಿಂದ ಬಳಕೆಗೆ ಬಂದುವು. ಅವು ತಗುಲುವ ಗ್ರಾಹಕವು ಮಿದುಳಿನಲ್ಲಿರುವಾಗ ಅದಕ್ಕೆ ಮಿದುಳಿನದೇ ಆದ ದ್ರವ್ಯವೊಂದು ಇರಬೇಡವೆ ಎಂದು ಕೇಳಿಕೊಂಡ ಗುಯಿಡೊಟ್ಟಿ, ಕೋಸ್ತ ಮೊದಲಾದವರು ೧೯೮೩ರಲ್ಲಿ ಇಲಿಯ ಮಿದುಳಿನಿಂದ ಅಂತಹ ದ್ರವ್ಯವೊಂದನ್ನು ಬೇರ್ಪಡಿಸಿದರು. ಅದು ತುಂಡಾದಾಗ ೧೮ ಮಣಿಗಳ ಪೆಪ್ಟೈಡೊಂದು ದೊರೆಯುವುದು. ಈ ದ್ರವ್ಯವು ಮಿದುಳಿನಲ್ಲಿ ಹೆಚ್ಚಾಗಿ ಇರುವುದು ಗ್ಲಿಯ ಕೋಶಗಳಲ್ಲಿ ಎಂದು ಮುಂದೆ ಗೊತ್ತಾಯಿತು. ೨೦೧೩ರಲ್ಲಿ ಸ್ಟ್ಯಾನ್‌ಫರ್ಡಿನ ಕ್ರಿಶ್ಚಿಯನ್ ಮತ್ತು ಹ್ಯೂಗೆನಾರ್ಡ್ ಎಂಬವರು ಥಲಾಮಸ್ಸಿನ ಒಂದು ಭಾಗದಲ್ಲಿ ತಾರಾಕೋಶಗಳಿಂದ ಬರುವ ಎಂಡೊಜೆಪೀನು ನರಕೋಶಗಳ ಉದ್ರೇಕವನ್ನು ತಡೆಯುವ ಸಂದೇಶವನ್ನು ಬಲಪಡಿಸುವುದೆಂದು ತೋರಿಸಿದರು. ನಾಜಾಟನು ೧೯೧೦ರಲ್ಲಿ ಕಣಗಳನ್ನು ಕಂಡು ಗ್ಲಿಯವನ್ನು ಗ್ರಂಥಿಯೆಂದುದು ನೂರು ವರ್ಷಗಳ ಮೇಲೆ ಸಾರ್ಥಕವಾಯಿತೆನ್ನಬಹುದು. ಆದರೆ ಆತನು ಕಂಡ ಕಣಗಳು ಇವೇ ಎಂದು ಹೇಳುವುದಕ್ಕೆ ಆಧಾರವಿಲ್ಲ.

೭

ಹೊಸದನ್ನು ಹೊಗಳುವ ಭರದಲ್ಲಿ ಹಳೆಯ ತಪ್ಪಿಗೆ ವಿರುದ್ಧವಾದ ಇನ್ನೊಂದು ತಪ್ಪನ್ನು ಮಾಡುವ ಅಪಾಯವುಂಟು. ೧೯೯೦ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಆನ್ ಕಾರ್ನೆಲ್-ಬೆಲ್ ಮತ್ತು ಸಹೋದ್ಯೋಗಿಗಳು ಪಾತ್ರೆಯಲ್ಲಿ ಬೆಳೆಸಿದ ತಾರಾಕೋಶಗಳಿಗೆ ಗ್ಲೂಟಮೇಟನ್ನು ಸೋಂಕಿಸಿದಾಗ ಕ್ಯಾಲ್ಸಿಯಮ್ಮಿನ ಅಲೆಯೊಂದು ಕೋಶದಿಂದ ಕೋಶಕ್ಕೆ ಹರಿಯುವುದನ್ನು ಕಂಡರು. ಗ್ಲಿಯಕ್ಕೂ ಒಂದು ಭಾಷೆಯಿದೆ, ಅದು ವಿದ್ಯುತ್ತಿನದಲ್ಲದೆ ಕ್ಯಾಲ್ಸಿಯಮ್ಮಿನದು ಎಂದು ಅನೇಕರು ಹರ್ಷಿಸಿದರು. ಆದರೆ ೨೦೧೦ರಲ್ಲಿ ಅಗುಲೋನ್, ಮೆಕಾರ್ತಿ ಮೊದಲಾದವರು ಇಲಿಯ ಮಿದುಳಿನಲ್ಲಿ ತಾರಾಕೋಶಗಳ ಕ್ಯಾಲ್ಸಿಯಮ್ಮನ್ನು ಕೃತಕವಾಗಿ ಏರಿಸಿದರೂ ಇಳಿಸಿದರೂ ನರಸಂಧಿಗಳ ಕಾರ್ಯದಲ್ಲಿ ವ್ಯತ್ಯಾಸ ತೋರಲಿಲ್ಲವೆಂದು ಪ್ರಕಟಿಸಿದರು. ಈ ವಾದವು ಮುಂದೆಯೂ ನಡೆಯಿತು. ಪಾತ್ರೆಯಲ್ಲಿ ಬೆಳೆದ ಕೋಶವು ಮಾಡುವುದನ್ನೆಲ್ಲ ಮಿದುಳಿನಲ್ಲಿರುವ ಕೋಶವು ಮಾಡುವುದೆಂದು ನಂಬಲಾಗದೆಂಬ ಎಚ್ಚರಿಕೆಯು ಪೆಪ್ಟೈಡುಗಳ ವಿಷಯಕ್ಕೂ ಸಲ್ಲುತ್ತದೆ.

ಗ್ಲಿಯದ ಮಹಿಮೆಯನ್ನು ಹೇಳುವವರು ಒಂದು ನರಕೋಶಕ್ಕೆ ಹತ್ತು ಗ್ಲಿಯ ಕೋಶಗಳಿವೆಯೆಂದು ಪಠ್ಯಪುಸ್ತಕಗಳಲ್ಲಿ ಬಹುಕಾಲ ಬರೆಯುತ್ತಿದ್ದರು. ೨೦೦೯ರಲ್ಲಿ ಬ್ರೆಜಿಲ್ಲಿನ ಸುಜಾನ ಎರ್ಕುಲಾನೊ-ಹೌಜೆಲ್, ರೋಬರ್ಟೊ ಲೆಂಟ್ ಮೊದಲಾದವರು ಮನುಷ್ಯನ ಮಿದುಳಿನ ಕೋಶಗಳನ್ನು ಹೊಸ ಕ್ರಮದಿಂದ ಎಣಿಸಿದಾಗ ಸುಮಾರು ೮,೬೦೦ ಕೋಟಿ ನರಕೋಶಗಳೂ ಸುಮಾರು ೮,೫೦೦ ಕೋಟಿ ಇತರ ಕೋಶಗಳೂ ದೊರೆತುವು. ಹತ್ತಕ್ಕೆ ಒಂದು ಎಂಬ ಮಾತು ಎಣಿಕೆಯಿಂದ ಬಂದುದಾಗಿರದೆ ಪುಸ್ತಕದಿಂದ ಪುಸ್ತಕಕ್ಕೆ ಇಳಿದುಬಂದುದಾಗಿದ್ದಿತು. ಹೆಸರಿನಂತೆ ಸಂಖ್ಯೆಯೂ ಪರಂಪರೆಯಾಗಬಲ್ಲದು.

೮

ಈಗ ಮೊದಲಿನ ಪ್ರಶ್ನೆಗೆ ಬರಬಹುದು. ತಡವಾದುದಕ್ಕೆ ಹೆಸರೊಂದನ್ನೇ ದೂಷಿಸುವುದು ನ್ಯಾಯವಲ್ಲ. ಲುಗಾರೋ, ನಾಜಾಟ್, ಅಚೂಕರ್ರೋ ಇವರೆಲ್ಲರೂ ಅದೇ ಹೆಸರನ್ನು ಬಳಸುತ್ತಲೇ ಅದರ ಆಚೆಗೆ ನೋಡಿದರು. ಅವರಿಗೆ ಇಲ್ಲದೆಹೋದುದು ದೃಷ್ಟಿಯಲ್ಲ, ಉಪಕರಣ. ಆದರೆ ಉಪಕರಣಗಳು ಬಂದ ಮೇಲೂ ಪ್ರಶ್ನೆಯನ್ನು ಯಾರಿಗೆ ಹಾಕಬೇಕೆಂಬುದನ್ನು ಹೆಸರು ನಿರ್ಧರಿಸಿತು. ಮಿದುಳಿನ ಸಾರದಲ್ಲಿ ಪೆಪ್ಟೈಡು ದೊರೆತಾಗಲೆಲ್ಲ ಅದು ನರಕೋಶದ್ದೆಂದು ಎಣಿಸಿದುದು ಪ್ರಮಾಣದಿಂದಲ್ಲ, ಅಭ್ಯಾಸದಿಂದ. ಹೆಸರು ತಪ್ಪನ್ನು ಹುಟ್ಟಿಸಲಿಲ್ಲ; ಹುಟ್ಟಿದ ತಪ್ಪನ್ನು ಕಾಪಾಡಿತು. ಗ್ಲಿಯದ ಚರಿತ್ರೆಯಿಂದ ಗ್ರಹಿಸಬೇಕಾದ ಸಾರವು ಇಷ್ಟೆ.

ಶಾಸ್ತ್ರಗ್ರಂಥಗಳಿಗೆ ಕನ್ನಡದಲ್ಲಿ ಪಾರಿಭಾಷಿಕ ಶಬ್ದಗಳನ್ನು ರಚಿಸುವವರಿಗೆ ಇದು ದೂರದ ವಿಷಯವಲ್ಲ. ಗ್ಲಿಯ ಎಂಬುದನ್ನು ಅದರ ಧಾತ್ವರ್ಥವನ್ನು ನೋಡಿ ಅಂಟುಕೋಶವೆಂದು ಭಾಷಾಂತರಿಸಿದರೆ, ಗ್ರೀಕ್ ಬಾರದ ಯೂರೋಪಿಯನ್ ವಿದ್ಯಾರ್ಥಿಗೆ ಈಗ ಕೇಳಿಸದಿರುವ ತಪ್ಪು ಕನ್ನಡದ ವಿದ್ಯಾರ್ಥಿಗೆ ಪ್ರತಿದಿನವೂ ಕೇಳಿಸುವುದು. ೧೮೫೬ರ ಊಹೆಯನ್ನು ಹೊಸದಾಗಿ ಆಮದು ಮಾಡಿಕೊಂಡಂತಾಗುವುದು. ಗ್ಲಿಯ ಎಂಬುದನ್ನು ಅರ್ಥಹೀನವಾದ ಗುರುತಾಗಿ, ಪಿ ದ್ರವ್ಯದ ಅಕ್ಷರದಂತೆ, ಹಾಗೆಯೇ ಇಟ್ಟುಕೊಳ್ಳುವುದು ಒಂದು ದಾರಿ. ಸ್ವಂತ ಶಬ್ದವೇ ಬೇಕೆನ್ನುವವರಿಗೆ ಶ್ಲೇಷ ಎಂಬುದು ಒದಗಬಹುದು. ಶ್ಲಿಷ್ ಎಂಬ ಧಾತುವಿಗೆ ಅಂಟಿಕೊಳ್ಳುವುದು ಎಂಬ ಅರ್ಥವೂ ಆಲಿಂಗಿಸುವುದು ಎಂಬ ಅರ್ಥವೂ ಇವೆ. ಒಂದೇ ಮಾತಿನಲ್ಲಿ ಎರಡು ಅರ್ಥಗಳು ಕೂಡಿರುವುದನ್ನು ಆಲಂಕಾರಿಕರು ಶ್ಲೇಷವೆಂದೇ ಕರೆದಿದ್ದಾರೆ. ನರಕೋಶವನ್ನು ತಬ್ಬಿ ನಿಂತು, ಸಮಯಬಂದಾಗ ಕೈಸಡಿಲಿಸಿ, ಅದರ ದೂತರನ್ನು ಬರಮಾಡಿಕೊಂಡು, ತನ್ನ ದೂತರನ್ನೂ ಕಳುಹುವ ಕೋಶಕ್ಕೆ ಆ ಮಾತು ಅಂಟಿಗಿಂತ ಹೆಚ್ಚು ಒಪ್ಪುವುದು. ಆದರೂ ಅದು ಇಂದಿನ ತಿಳಿವಿನ ಹೆಸರು; ನಾಳಿನ ತಿಳಿವಿಗೆ ಅದೂ ಕಿರಿದಾಗಬಹುದೆಂಬುದನ್ನು ಮರೆಯದೆ ಬಳಸಬೇಕು.